ಬೋರ್ ಲಾರಿ ಸಂಪ್ ಮೇಲೆ ಹತ್ತಬಹುದಾ? ಹಲಗೆ ಹಾಸಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಸಾರ್. ತುಮಕೂರು ಹತ್ತಿರ ನಮ್ಮ ಮನೆ. ಹಳೇ ಬೋರ್ ಬತ್ತಿದೆ. ಹೊಸದಕ್ಕೆ ಹಿತ್ತಲಲ್ಲಿ ಪಾಯಿಂಟ್ ಮಾಡಿಸಿದ್ದೇವೆ. ತೊಂದರೆ ಏನಂದ್ರೆ, ಗೇಟ್ ದಾಟಿದ ತಕ್ಷಣ ಸಂಪ್. 8 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಆಳ, ಮೇಲಿನ ಸ್ಲ್ಯಾಬ್ 5 ಇಂಚು. ಹಿತ್ತಲಿಗೆ ಎರಡು ವರ್ಷದ ಹಿಂದೆ 4 ಅಡಿ ಮಣ್ಣು ತುಂಬಿಸಿದ್ದೇವೆ. ಬೋರ್‌ನವರು "ಹಲಗೆ ಹಾಕ್ಕೊಂಡು ಹೋಗ್ತೀವಿ, ಏನೂ ಆಗಲ್ಲ" ಅಂತಾರೆ. ನಮ್ಮ ಯಜಮಾನರೂ ಹೂಂ ಅಂದುಬಿಟ್ಟಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗೇ ಇದೆ. ನಾನು ಕ್ರೇನ್ ಕೆಲಸದವನು, ಬೋರ್‌ನವನಲ್ಲ. ಆದರೆ ಕೆಲಸ ಮಾಡುವಾಗ ಗಾಡಿ ಅಲುಗದಂತೆ ನೆಲಕ್ಕೆ ಊರುವ ಜಾಕ್ ಕಾಲು ಒತ್ತುವ ಲೆಕ್ಕ ಇಬ್ಬರಿಗೂ ಒಂದೇ.

ಮೊದಲು ಸಂಪ್. 5 ಇಂಚಿನ ಸ್ಲ್ಯಾಬ್ ಜನ ಓಡಾಡಲು, ಹೆಚ್ಚೆಂದರೆ ಕಾರು ನಿಲ್ಲಿಸಲು. ಬೋರ್ ಲಾರಿಯ ಹಿಂದಿನ ಚಕ್ರಗಳಲ್ಲಿ ಒಂದೊಂದು ಪಕ್ಕಕ್ಕೂ ಹಲವು ಟನ್ ಬೀಳುತ್ತೆ. ಹಲಗೆ ಹಾಸಿದರೂ ಆ ಭಾರ ಕೊನೆಗೆ ಅದೇ ಸ್ಲ್ಯಾಬ್ ಮೇಲೇ ತಾನೆ ಬೀಳೋದು? ಆಚೆ ಗಟ್ಟಿ ನೆಲದಿಂದ ಈಚೆ ಗಟ್ಟಿ ನೆಲಕ್ಕೆ, ಸ್ಲ್ಯಾಬಿಗೆ ತಾಗದ ಹಾಗೆ ದಪ್ಪ ಕಬ್ಬಿಣದ ಬೀಮ್ ಹಾಕಿ ಸೇತುವೆ ಮಾಡಬಹುದು. ಅದನ್ನು ಎಂಜಿನಿಯರ್ ಲೆಕ್ಕ ಹಾಕಿಯೇ ಮಾಡಬೇಕು. ನನ್ನ ಕೇಳಿದರೆ, ಸಂಪಿನಿಂದ ದೂರ ಒಂದು ಕಡೆ 12 ಅಡಿ ಕಾಂಪೌಂಡ್ ಒಡೆದು ಗಾಡಿ ಒಳಗೆ ಬಿಡಿ. ಆಮೇಲೆ ಕಟ್ಟಿಸಿಕೊಳ್ಳಿ. ಸಂಪ್ ಕಟ್ಟಿಸುವುದಕ್ಕಿಂತ ಅಗ್ಗ. ಸಂಪಿನ ಗೋಡೆಗೆ ಹತ್ತಿರವೂ ಹೋಗಬಾರದು. 7 ಅಡಿ ಆಳದ ಸಂಪಾದರೆ ಚಕ್ರವಾಗಲಿ ಜಾಕ್ ಆಗಲಿ 7 ಅಡಿ ದೂರ ಇರಲಿ. ಕೊರೆಯಲು ಗಾಳಿ ಒದಗಿಸುವ ಕಂಪ್ರೆಸರ್ ಲಾರಿ ಒಳಗೆ ಬರುವ ಅಗತ್ಯವೇ ಇಲ್ಲ. ಹೋಸ್ ಉದ್ದ ಸಾಕಾದರೆ ರಸ್ತೆಯಲ್ಲೇ ನಿಲ್ಲಲಿ.

ಈಗ ಹಿತ್ತಲು. ರಾಗಿ ಮುದ್ದೆಗೆ ಬೆರಳು ಒತ್ತಿದರೆ ಗುಳಿ ಬೀಳುತ್ತೆ. ಅಷ್ಟೇ ಬಲದಲ್ಲಿ ಅಂಗೈ ಇಟ್ಟು ಒತ್ತಿ ನೋಡಿ, ಸುಮ್ನೆ ಮಟ್ಟ ಆಗುತ್ತೆ. ಜಾಕ್ ಕಾಲು ಆ ಬೆರಳು. ಅದಕ್ಕೆ ಅಂಗೈ ಮಾಡಿಕೊಡಬೇಕು.

ಒಂದು ಜಾಕ್ ಮೇಲೆ 10 ಟನ್ ಅಂತ ಇಟ್ಟುಕೊಳ್ಳಿ. ಕಾಲು ಒಂದಡಿ ಚದರ ಇದ್ದರೆ ಚದರಡಿಗೆ 10 ಟನ್. ಗಟ್ಟಿ ಮುರಂ ನೆಲಕ್ಕೆ ನಾನು ಚದರಡಿಗೆ 2 ಟನ್ ಹಿಡಿಯುತ್ತೇನೆ. ನಿಮ್ಮದು ತುಂಬಿದ ಮಣ್ಣು, ಅರ್ಧ ಟನ್‌ಗಿಂತ ಜಾಸ್ತಿ ನಂಬುವುದಿಲ್ಲ. ಅಂದರೆ ಒಂದೊಂದು ಜಾಕ್ ಕೆಳಗೂ 20 ಚದರಡಿ ಬೇಕು. ಅವರ ಹಲಗೆ ಎಷ್ಟಿದೆ ಅಳೆದು ನೋಡಿ. ಎರಡು ಮೂರು ಚದರಡಿ ಇದ್ದರೆ ದೊಡ್ಡದು.

ಅಗಲ ಇದ್ದರೆ ಸಾಲದು, ಬಾಗಬಾರದು. ಸೆಂಟ್ರಿಂಗ್ ಪ್ಲೈವುಡ್ ಹಾಸಿದರೆ ಹಪ್ಪಳದ ಹಾಗೆ ಮಡಚಿಕೊಳ್ಳುತ್ತೆ, ಭಾರವೆಲ್ಲ ನಡುವೆಯೇ ಇಳಿಯುತ್ತೆ. ಹಳೇ ರೈಲ್ವೆ ಮರದ ಸ್ಲೀಪರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. 9 ಅಡಿ ಉದ್ದ, 10 ಇಂಚು ಅಗಲ, 5 ಇಂಚು ದಪ್ಪ. 5 ಅಡಿಗೆ ಕತ್ತರಿಸಿ ಆರು ತುಂಡು ಒತ್ತೊತ್ತಾಗಿ ಹಾಸಿ. ಅವುಗಳ ನಡುಭಾಗದ ಮೇಲೆ ಅಡ್ಡಲಾಗಿ ಮೂರು ತುಂಡು. ಅದರ ಮೇಲೆ 2 ಅಡಿ ಚದರದ, 20 ಎಂಎಂ ಕಬ್ಬಿಣದ ಪ್ಲೇಟ್. ಜಾಕ್ ಅದರ ನಟ್ಟನಡುವೆ ಕೂರಬೇಕು. 25 ಚದರಡಿ ಸಿಕ್ಕಿತು, ಚದರಡಿಗೆ 0.4 ಟನ್. ಹಾಸುವ ಮೊದಲು ನೆಲ ಮಟ್ಟ ಮಾಡಿ ಎರಡಿಂಚು ಮರಳು ಹರಡಿ. ಒಂದು ಮೂಲೆ ಕಲ್ಲಿನ ಮೇಲೆ ಕೂತರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮ. ಸ್ಲೀಪರ್ ಕೊಳ್ಳುವಾಗ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬೇಡ.

ಇನ್ನೊಬ್ಬ ಸದಸ್ಯರು: ಅಣ್ಣ, ಸಂಪ್ ತುಂಬ ನೀರು ತುಂಬಿಸಿಟ್ಟರೆ ಸ್ಲ್ಯಾಬ್ ತಡೆಯಲ್ವಾ? ನಮ್ಮ ಕಡೆ ಹಾಗೇ ಮಾಡ್ತಾರೆ.

ಉತ್ತರ: ಎಲ್ಲಾ ಕಡೆಯೂ ಹೇಳ್ತಾರೆ. ನೀರು ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಸ್ಲ್ಯಾಬ್ ನೀರಿನ ಮೇಲೆ ಕೂತಿರುವುದಿಲ್ಲ, ನಡುವೆ ಗಾಳಿ ಇರುತ್ತೆ. ಇನ್ನು ಒಳಗೆ ಇಳಿದು ಸ್ಲ್ಯಾಬಿಗೆ ಪ್ರಾಪ್ (ಊರುಗಂಬ) ಕೊಡ್ತೀವಿ ಅಂತ ಹೊರಡುವವರಿಗೆ ಒಂದು ಮಾತು. ಮುಚ್ಚಿಟ್ಟ ಸಂಪಿನಲ್ಲಿ ಉಸಿರುಗಟ್ಟಿ ಜನ ಸತ್ತಿದ್ದಾರೆ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡದೆ, ಮೇಲೆ ಒಬ್ಬರು ಕಾವಲಿಲ್ಲದೆ ಇಳಿಯಬೇಡಿ.

ಪ್ರಶ್ನೆ: ಸಾರ್, ಕೊರೆಯುವಾಗ ನಾನು ಏನು ಗಮನಿಸಬೇಕು?

ಉತ್ತರ: ಜಾಕ್ ಕಾಲು ನೋಡಿ. ಎಲ್ಲರೂ ನೀರು ಬಂತಾ ಅಂತ ಬೋರ್ ಬಾಯಿ ನೋಡ್ತಾ ನಿಂತಿರುತ್ತಾರೆ. ಬಂದ ನೀರು ಕಲ್ಲುಪುಡಿ ಸೇರಿಸಿಕೊಂಡು ನೇರ ಜಾಕ್ ಕೆಳಗೇ ಹರಿಯುತ್ತೆ. ಬೆಳಿಗ್ಗೆ ಗಟ್ಟಿ ಇದ್ದ ಮಣ್ಣು ಮಧ್ಯಾಹ್ನಕ್ಕೆ ಅಂಬಲಿ. ಆದ್ದರಿಂದ ಮೊದಲೇ ಕಾಲುವೆ ತೋಡಿ ನೀರನ್ನು ಆಚೆ ತಿರುಗಿಸಿ.

ಇನ್ನೊಂದು, ಕಲ್ಲು ಕೊರೆಯುವ ಹ್ಯಾಮರ್ ಬೋರ್ ಒಳಗೆ ಸಿಕ್ಕಿಕೊಂಡಾಗ. ಗಾಡಿ ಮೇಲಕ್ಕೆ ಎಷ್ಟು ಎಳೆಯುತ್ತೋ ಅಷ್ಟೇ ಭಾರ ಜಾಕ್‌ಗಳ ಮೇಲೆ ಜಾಸ್ತಿ ಬೀಳುತ್ತೆ. ಆಗ ಹತ್ತಿರ ಯಾರೂ ನಿಲ್ಲಬಾರದು.

ನನ್ನದೇ ಒಂದು ಕಥೆ ಇದೆ. ಒಂದು ಸೈಟಿನಲ್ಲಿ ಊಟಕ್ಕೆ ಹೊತ್ತಾಯಿತು ಅಂತ ಜಾಕನ್ನು ಸ್ಲೀಪರ್ ಅಂಚಿಗೇ ಇಟ್ಟುಬಿಟ್ಟೆ. ಲೋಡ್ ಎತ್ತಿದ ಮೇಲೆ ರಸಮಟ್ಟದ ಗುಳ್ಳೆ ಮೆಲ್ಲಗೆ ಒಂದು ಕಡೆ ಸರಿಯಿತು. ಆಮೇಲೆ ಪಟ್ ಅಂತ ಒಂದು ಸದ್ದು. ತಕ್ಷಣ ಲೋಡ್ ಇಳಿಸಿದ್ದರಿಂದ ಉಳಿದೆವು. ಜಾಕ್ ಕಾಲು ಮೊಣಕಾಲುದ್ದ ಹೂತಿತ್ತು. ಅವತ್ತಿನಿಂದ ಕ್ಯಾಬಿನ್‌ನಲ್ಲಿ ಒಂದು, ಜೇಬಲ್ಲಿ ಒಂದು ರಸಮಟ್ಟ ಇರುತ್ತೆ.

ಮುಖ್ಯವಾದದ್ದೇ ಬಿಟ್ಟೆ. ಜಾಕ್ ಕೂರುವ ನಾಲ್ಕೂ ಕಡೆ ಕಬ್ಬಿಣದ ಸರಳು ಹೊಡೆದು ನೋಡಿ. ಹಳೇ ಬಾವಿ, ಇಂಗುಗುಂಡಿ ಏನಾದರೂ ಇತ್ತಾ ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ.

ಪ್ರಶ್ನೆ: ಸಾರ್, ನೀವು ಹೇಳಿದ್ದು ಒಳ್ಳೆಯದಾಯಿತು. ಸರಳು 4 ಅಡಿಗೆ ಟಣ್ ಅಂತು. ಪಕ್ಕದ ಮನೆ ಅಜ್ಜಿ "ಅದು ಹಳೇ ಕಕ್ಕಸು ಗುಂಡಿ ಕಣಮ್ಮ, ಮೇಲೆ ಚಪ್ಪಡಿ ಹಾಕಿ ಬಿಟ್ಟಿದ್ರು" ಅಂದರು. ಮನೆ ಕೊಂಡಾಗ ನಮಗೆ ಯಾರೂ ಹೇಳಿರಲಿಲ್ಲ. ಬೋರ್ ಪಾಯಿಂಟಿಗೂ ಅದಕ್ಕೂ ಹತ್ತೇ ಅಡಿ.

ಉತ್ತರ: ಹಾಗಾದರೆ ಸ್ಲೀಪರ್ ಮಾತು ಬಿಡಿ. ಟೊಳ್ಳು ಗುಂಡಿಯ ಮೇಲೆ ಏನು ಹಾಸಿದರೂ ನಾನು ಒಪ್ಪುವುದಿಲ್ಲ. ಜೊತೆಗೆ ಕುಡಿಯುವ ನೀರಿನ ಬೋರ್ ಅಂಥ ಗುಂಡಿಯಿಂದ 50 ಅಡಿಯಾದರೂ ದೂರ ಇರಬೇಕು. ಬೇರೆ ಪಾಯಿಂಟ್ ಇದೆಯಾ?

ಪ್ರಶ್ನೆ: ತೆಂಗಿನಕಾಯಿ ಹಿಡಿದು ನೋಡಿದವರು ಎರಡು ತೋರಿಸಿದ್ದರು. ಇನ್ನೊಂದು ಮುಂದಿನ ಅಂಗಳದ ಮೂಲೆಯಲ್ಲಿದೆ. ಸಂಪಿನಿಂದ 15 ಅಡಿ, ಗುಂಡಿಯಿಂದ 60 ಅಡಿ. ಅಲ್ಲಿ ಮಣ್ಣು ತುಂಬಿಸಿಲ್ಲ.

ಉತ್ತರ: ತೆಂಗಿನಕಾಯಿ ವಿಷಯ ನನಗೆ ಗೊತ್ತಿಲ್ಲ, ಬಿಡಿ. ಭಾರದ ಲೆಕ್ಕಕ್ಕೆ ಆ ಮುಂದಿನ ಪಾಯಿಂಟೇ ವಾಸಿ. ಅಲ್ಲೂ ಸರಳು ಹೊಡೆಯಿರಿ. ಮಾಸ್ಟ್ (ಗಾಡಿಯ ಎತ್ತರದ ಕಂಬ) ಎತ್ತುವ ಜಾಗದ ಮೇಲೆ ಕರೆಂಟ್ ತಂತಿ ಹೋಗಿದೆಯಾ ನೋಡಿ ಒಂದು ಫೋಟೋ ಹಾಕಿ.