ಸಹಾಯ ಬೇಕು: ಅಪ್ಪ-ಅಮ್ಮನ ಜೊತೆ ಫ್ರಾನ್ಸ್‌ನ ಸಾರ್ಲಾ ಕಡೆಗೆ ನಿಧಾನದ ಪ್ರವಾಸ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಕರ್ಕೊಂಡು ನೈಋತ್ಯ ಫ್ರಾನ್ಸ್‌ನ ದೋರ್ದೋನ್ ನದಿ ಕಣಿವೆಗೆ ಹೋಗ್ಬೇಕು ಅಂತಿದ್ದೀವಿ. ದಿನಕ್ಕೊಂದು ಊರು ಓಡೋದು ಬೇಡ, ಒಂದೇ ಕಡೆ ಉಳ್ಕೊಂಡು ಆರಾಮಾಗಿ ಸುತ್ತಾಡೋ ಆಸೆ.

ಆ ಕಡೆಯ ಸಾರ್ಲಾ ಪಟ್ಟಣದಲ್ಲೇ ಇರೋಣ ಅನ್ನಿಸ್ತಿದೆ. ಹಳೇ ಊರುಕೇರಿಗಳನ್ನ ಕಾಪಾಡೋಕೆ ಬಂದ 1962ರ ಮಾಲ್ರೋ ಕಾಯ್ದೆಯಿಂದಾಗಿ ಅಲ್ಲಿನ ಹಳದಿ ಕಲ್ಲಿನ ಹಳೇ ಮನೆಗಳು, ಗಲ್ಲಿಗಳು ಉಳ್ಕೊಂಡಿವೆ. ಬುಧವಾರ, ಶನಿವಾರ ಸಂತೆ ಬೇರೆ. ಆದ್ರೆ ಅಮ್ಮನಿಗೆ ಮಂಡಿ ನೋವು. ಕಲ್ಲು ಹಾಸಿದ ಏರುದಾರಿಯಲ್ಲಿ ಎಷ್ಟು ನಡೀಬೇಕಾಗತ್ತೆ? ದೊಮ್ ಊರು ಗುಡ್ಡದ ಮೇಲಿದೆ, ಕೋಟೆ ಬಾಗಿಲವರೆಗೂ ಕಾರು ಹೋಗತ್ತಾ?

ಬೋರ್ಡೋದಿಂದ ಸಾರ್ಲಾಗೆ ರೈಲಿದೆ, ಸರಿ. ಅಲ್ಲಿಂದ ಹತ್ತಿರದ ಬೇನಾಕ್, ಲಾ ರೋಕ್ ಗಜಾಕ್ ಹಳ್ಳಿಗಳಿಗೆ ಕಾರಿಲ್ಲದೆ ಹೋಗೋಕೆ ಆಗತ್ತಾ? ರಸ್ತೆಯ ಬಲಗಡೆ ಓಡಿಸಿ ನನಗೆ ಅಭ್ಯಾಸ ಇಲ್ಲ. ಕಿರಿದಾದ ಹಳ್ಳಿ ರಸ್ತೆ ಅಂದ್ರೆ ಭಯ ಆಗತ್ತೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ಊಟದ್ದು. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೇನೂ ತಿನ್ನಲ್ಲ. ಆ ಕಡೆ ಎಲ್ಲದರಲ್ಲೂ ಬಾತುಕೋಳಿ. ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ ಹುರಿದ ಸಾರ್ಲಾದ ಆಲೂಗಡ್ಡೆ ಪಲ್ಯ ನೋಡಿದ್ರೆ ನಮ್ಮದೇ ಅನ್ಸತ್ತೆ, ಹುರಿಯೋದು ಬಾತು ಅಥವಾ ಹೆಬ್ಬಾತಿನ ಕೊಬ್ಬಲ್ಲಿ! ಅಪ್ಪ-ಅಮ್ಮ ಗೊತ್ತಿಲ್ಲದೆ ತಿಂದುಬಿಟ್ರೆ ತುಂಬಾ ನೊಂದ್ಕೋತಾರೆ. ಅಡುಗೆಮನೆ ಇರೋ ಬಾಡಿಗೆ ಮನೆ ಹಿಡಿಯೋದೇ ಒಳ್ಳೇದಾ? ಅಕ್ಕಿ, ಬೇಳೆ ಅಲ್ಲೇ ಸಿಗತ್ತಾ?

ಅಪ್ಪನಿಗೆ ಆದಿಮಾನವರು ಬರೆದ ಲಾಸ್ಕೋ ಗುಹಾಚಿತ್ರ ತೋರಿಸಲೇಬೇಕು. ಮೂಲ ಗುಹೆ 1963ರಿಂದ ಜನರಿಗೆ ಮುಚ್ಚಿದೆ, 2016ರಲ್ಲಿ ತೆರೆದ ಪ್ರತಿಕೃತಿಗೆ ಮೊದಲೇ ಟಿಕೆಟ್ ಮಾಡಿಸ್ಬೇಕಾ? ಹೋಗಿಬಂದವರು ದಯವಿಟ್ಟು ತಿಳಿಸಿ.