ಸ್ಪಿಟ್‌ಫೈರ್: ಟೆಂಪರೇಚರ್ ಮುಳ್ಳು ಹೈವೇಯಲ್ಲಿ ಏರುತ್ತೆ, ಸಿಗ್ನಲ್‌ನಲ್ಲಿ ಇಳಿಯುತ್ತೆ

ಪ್ರಶ್ನೆ (ಇಂಗ್ಲೆಂಡಿನ ಕವೆಂಟ್ರಿಯಿಂದ)

ಎಲ್ಲರಿಗೂ ನಮಸ್ಕಾರ. ಗಾಡಿ 1974ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4, 1296 ಸಿಸಿ. ನಾನಿರುವ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಚಳಿಗಾಲದಲ್ಲಿ ಡ್ಯಾಶ್‌ಬೋರ್ಡಿನ ಮರದ ಹಲಗೆ ಬಿಚ್ಚಿ, ಉಜ್ಜಿ, ವಾರ್ನಿಶ್ ಹೊಡೆದು ಮತ್ತೆ ಕೂರಿಸಿದೆ. ಅಲ್ಲಿಂದೀಚೆಗೆ ಟೆಂಪರೇಚರ್ ಮೀಟರ್ ನಂಬೋ ಹಾಗಿಲ್ಲ. ಹೈವೇಯಲ್ಲಿ ಮುಳ್ಳು ಮುಕ್ಕಾಲು ದಾಟಿ ಕೆಂಪಿನ ಹತ್ತಿರ ಹೋಗುತ್ತೆ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಮೆಲ್ಲಗೆ ಇಳಿಯುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಇನ್ನೂ ಕೆಳಗೆ. ಸೆನ್ಸರ್ ಹೊಸದು ಹಾಕಿಯಾಯಿತು, ಏನೂ ಬದಲಾಗಲಿಲ್ಲ. ಮುಂದಿನ ವಾರ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಅಂದರೆ ಒಬ್ಬೊಬ್ಬರನ್ನಾಗಿ, ಎರಡೇ ಸೀಟಲ್ಲವೇ, ಒಂದು ಸುತ್ತು ಹೋಗಬೇಕೆಂದಿದ್ದೇನೆ. ದಾರಿಯಲ್ಲಿ ಎಂಜಿನ್ ಸುಟ್ಟುಕೊಂಡರೆ ಎಂಬ ಭಯ.

ಉತ್ತರ (ಹುಬ್ಬಳ್ಳಿಯಿಂದ)

ಥರ್ಮೋಸ್ಟಾಟ್, ಅಂದ್ರ ನೀರು ಬಿಸಿಯಾದಾಗ ತೆರೆಯೋ ವಾಲ್ವ್, ಸಿಕ್ಕಿಹಾಕಿಕೊಂಡಿರಬೇಕು ನೋಡ್ರಿ. ಹೊಸದು ಹಾಕ್ರಿ, ರೇಡಿಯೇಟರ್ ಒಮ್ಮೆ ತೊಳಸ್ರಿ.

ಉತ್ತರ (ಮೈಸೂರಿನಿಂದ)

ನನ್ನ ಹತ್ತಿರ ಇರುವುದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ನಿಮ್ಮ ಸ್ಪಿಟ್‌ಫೈರ್ ನಿಂತಿರುವುದು ಹೆರಾಲ್ಡ್ ಚಾಸಿಯನ್ನೇ ಮೊಟಕು ಮಾಡಿದ ಚಾಸಿಯ ಮೇಲೆ. ಎರಡರ ರೂಪವನ್ನೂ ಬರೆದವರು ಇಟಲಿಯ ಮಿಕೆಲೊಟ್ಟಿ. ಹಾಗಾಗಿ ನಿಮ್ಮ ಗಾಡಿ ನನಗೆ ದಾಯಾದಿಯೇ, ಬಿಟ್ಟುಕೊಡಲು ಮನಸ್ಸಿಲ್ಲ.

ಹುಬ್ಬಳ್ಳಿಯ ಗೆಳೆಯರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ನೀವು ಹೇಳಿದ್ದರಲ್ಲೇ ಒಂದು ಸುಳಿವಿದೆ. ನಿಜವಾಗಿ ಕಾಯುವ ಎಂಜಿನ್ ಸಾಮಾನ್ಯವಾಗಿ ನಿಂತಲ್ಲಿ ಕಾಯುತ್ತದೆ, ಓಡುವಾಗ ಗಾಳಿ ಹೊಡೆದು ತಣ್ಣಗಾಗುತ್ತದೆ. ನಿಮ್ಮದು ಪೂರ್ತಿ ಉಲ್ಟಾ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಹೈವೇಯಲ್ಲೂ ಕಾಯುವುದುಂಟು, ಒಪ್ಪುತ್ತೇನೆ. ಆದರೆ ಹೆಡ್‌ಲೈಟ್ ಹಾಕಿದ ಮಾತ್ರಕ್ಕೆ ನೀರು ತಣ್ಣಗಾಗುವುದಿಲ್ಲ. ಹೈವೇಯಲ್ಲಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಚೆನ್ನಾಗಿ ತಿರುಗಿ ವೋಲ್ಟೇಜ್ ಏರುತ್ತೆ, ಐಡ್ಲಿಂಗ್‌ನಲ್ಲಿ ಇಳಿಯುತ್ತೆ, ದೀಪ ಹಾಕಿದರೆ ಇನ್ನಷ್ಟು ಇಳಿಯುತ್ತೆ. ನಿಮ್ಮ ಮುಳ್ಳು ತೋರಿಸುತ್ತಿರುವುದು ನೀರಿನ ಬಿಸಿಯನ್ನಲ್ಲ, ಬ್ಯಾಟರಿಯ ವೋಲ್ಟೇಜನ್ನು.

ಈ ಸ್ಮಿತ್ಸ್ ಕಂಪನಿಯ ಮೀಟರಿನೊಳಗೆ ಎರಡು ಬೇರೆ ಬೇರೆ ಲೋಹದ ಪಟ್ಟಿ ಬೆಸೆದು, ಸುತ್ತ ತಂತಿ ಸುತ್ತಿರುತ್ತಾರೆ. ತಂತಿ ಕಾದರೆ ಪಟ್ಟಿ ಬಾಗುತ್ತೆ, ಮುಳ್ಳು ಏರುತ್ತೆ. ಅದಕ್ಕೇ ಅದು ಹಾರುವುದಿಲ್ಲ, ತೆವಳುತ್ತೆ. ಮೀಟರಿಗೆ ಸಿಗಬೇಕಾದದ್ದು ಸರಾಸರಿ 10 ವೋಲ್ಟ್. ಅದನ್ನು ಕೊಡುವುದು ಡ್ಯಾಶ್‌ಬೋರ್ಡ್ ಹಿಂದಿನ ಒಂದು ಪುಟ್ಟ ತಗಡಿನ ಡಬ್ಬಿ, ವೋಲ್ಟೇಜ್ ಸ್ಟೆಬಿಲೈಜರ್. ಅದರೊಳಗೂ ಅಂಥದೇ ಪಟ್ಟಿ. ಕಾದು ಬಾಗಿದಾಗ ಕರೆಂಟ್ ಕಡಿಯುತ್ತೆ, ತಣಿದಾಗ ಮತ್ತೆ ಕೂಡಿಸುತ್ತೆ. ಆ ಪಟ್ಟಿ ಕಾಯಬೇಕಾದರೆ ಡಬ್ಬಿಯ ಮೈಗೆ ಅರ್ತ್, ಅಂದರೆ ಗಾಡಿಯ ಲೋಹದ ಮೈಯೊಂದಿಗೆ ಸಂಪರ್ಕ, ಬೇಕು. ಅರ್ತ್ ತಪ್ಪಿದರೆ ಕಡಿಯುವ ಕೆಲಸವೇ ನಿಲ್ಲುತ್ತೆ, ಬ್ಯಾಟರಿಯ 12-14 ವೋಲ್ಟ್ ಸೀದಾ ಮೀಟರಿಗೆ ಹೋಗುತ್ತೆ. ಬಿಸಿ ಹುಟ್ಟುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ, ಆದ್ದರಿಂದ 13.5 ವೋಲ್ಟ್ ಬಂದರೆ ತಂತಿ ಹೆಚ್ಚುಕಡಿಮೆ 1.8 ಪಟ್ಟು ಕಾಯುತ್ತೆ.

ಒಂದು ಪ್ರಶ್ನೆ: ಪೆಟ್ರೋಲ್ ಮುಳ್ಳು ಹೇಗಿದೆ? ಅದೂ ಇದೇ ಡಬ್ಬಿಯಿಂದಲೇ ನಡೆಯುತ್ತೆ. ಅದೂ ಜೊತೆಜೊತೆಗೆ ಏರಿಳಿದರೆ ಸೆನ್ಸರಿನ ಕಡೆ ತಿರುಗಿಯೂ ನೋಡಬೇಡಿ. ಟೆಂಪರೇಚರ್ ಒಂದೇ ಕುಣಿಯುತ್ತಿದ್ದರೆ ಮಾತ್ರ ಸೆನ್ಸರಿನ ಹಸಿರು-ನೀಲಿ ವೈರ್ ಕಿತ್ತು ನೋಡಿ: ಮುಳ್ಳು ತಣ್ಣನೆಯ ಕಡೆ ಬೀಳಬೇಕು. ವೈರನ್ನು ಎಂಜಿನ್ ಲೋಹಕ್ಕೆ ಮುಟ್ಟಿಸಿದರೆ ಬಿಸಿಯ ಕಡೆ ಏರಬೇಕು. ಏರಲು ಹೊರಟಿತೆಂದು ಕಂಡ ಕೂಡಲೇ ತೆಗೆಯಿರಿ, ಹಿಡಿದೇ ಇದ್ದರೆ ಮೀಟರ್ ಸುಡುತ್ತೆ.

ಅದಕ್ಕೂ ಮುಂಚೆ ಎಂಜಿನ್ ನಿಜವಾಗಿ ಎಷ್ಟು ಕಾಯುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ತಣ್ಣಗಿರುವಾಗ ಮುಚ್ಚಳ ತೆಗೆದು ನೀರು ನೋಡಿ, ಬಿಸಿಯಲ್ಲಿ ಖಂಡಿತ ಬೇಡ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ಅದಕ್ಕೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸುತ್ತೆ.

ಮತ್ತೆ ಕವೆಂಟ್ರಿಯಿಂದ

ಸರ್, ಬಾನೆಟ್ ಮುಂದಕ್ಕೆ ಮಗುಚಿ, ಟೈರ್ ಮೇಲೆ ಕೂತು ಅಳೆದೆ. ಅರ್ಧ ಗಂಟೆ ಓಡಿಸಿ ಬಂದ ಮೇಲೆ ಟೇಪಿನ ಮೇಲೆ 83 ಡಿಗ್ರಿ. ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯುವಂಥದು. ಅಂದರೆ ಎಂಜಿನ್ ಚೆನ್ನಾಗಿಯೇ ಇದೆ! ಪೆಟ್ರೋಲ್ ಮುಳ್ಳು ಗಮನಿಸಿಯೇ ಇರಲಿಲ್ಲ. ನಿಂತಲ್ಲೇ ಎರಡು ನಿಮಿಷ ಆಕ್ಸಿಲರೇಟರ್ ಒತ್ತಿ ಹಿಡಿದರೆ ಎರಡೂ ಮುಳ್ಳು ಜೋಡಿಯಾಗಿ ಏರಿದವು.

ಉತ್ತರ (ಮೈಸೂರಿನಿಂದ)

ಹಾಗಾದರೆ ಸಿಕ್ಕಿತು. ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಡ್ಯಾಶ್ ಹಿಂದೆ ಕೈ ಹಾಕಿ. ಡಬ್ಬಿಗೆ ಬಿ ಮತ್ತು ಐ ಎಂಬ ಟರ್ಮಿನಲ್‌ಗಳಿರುತ್ತವೆ: ಬಿಗೆ ಹಸಿರು ವೈರ್ ಬರುತ್ತೆ, ಐನಿಂದ ತಿಳಿ ಹಸಿರು ಮೀಟರುಗಳಿಗೆ ಹೋಗುತ್ತೆ. ಹಲಗೆ ಬಿಚ್ಚಿದಾಗ ಯಾವುದಾದರೂ ಕಪ್ಪು ವೈರ್ ಬಿಟ್ಟುಹೋಗಿದೆಯೇ ನೋಡಿ. ಮರದ ಮೇಲೆ ಕೂತ ಮೀಟರಿಗೆ ಅರ್ತ್ ತಾನಾಗಿ ಸಿಗುವುದಿಲ್ಲ. ಡಬ್ಬಿಯನ್ನೂ ನೆಟ್ಟಗೆ, ಮೇಲ್ಭಾಗ ಮೇಲೆಯೇ ಇರುವಂತೆ ಕೂರಿಸಿ. ಸರಿಯಾದ ಮೇಲೆ ಐಗೆ ಟೆಸ್ಟ್ ಬಲ್ಬ್ ಹಿಡಿದರೆ ಮೊದಲು ಒಂದೇ ಸಮ ಉರಿದು, ಆಮೇಲೆ ಮಿನುಗಬೇಕು. ಡಿಜಿಟಲ್ ಮೀಟರಿನಲ್ಲಿ ಅಂಕಿ ಕುಣಿಯುತ್ತೆ, ಗಾಬರಿಯಾಗಬೇಡಿ.

ಅರ್ತ್ ಕೊಟ್ಟ ಮೇಲೂ ಮಿನುಗದಿದ್ದರೆ ಒಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಸವೆದಿದೆ ಅಂತ. ಆಗ ಎಲೆಕ್ಟ್ರಾನಿಕ್ ಸ್ಟೆಬಿಲೈಜರ್ ಹಾಕಬಹುದು. ನಿಮ್ಮದು ನೆಗೆಟಿವ್ ಅರ್ತ್ ಗಾಡಿ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಗಾಡಿಯ ಮೈಗೆ ಕೂಡಿರುವಂಥದು, ಅದಕ್ಕೆ ತಕ್ಕದ್ದನ್ನೇ ಕೇಳಿ ತನ್ನಿ. ಮಾರ್ಕ್ 1, ಮಾರ್ಕ್ 2 ಪಾಸಿಟಿವ್ ಅರ್ತಿನವು, ಅವುಗಳದ್ದು ಬೇರೆ.

ಮತ್ತೆ ಕವೆಂಟ್ರಿಯಿಂದ

ಸ್ಪೀಡೋಮೀಟರ್ ಹಿಂದೆ ಒಂದು ಕಪ್ಪು ವೈರ್ ನೇತಾಡುತ್ತಿತ್ತು. ತುದಿಯ ರಿಂಗಿನ ಮೇಲೆ ವಾರ್ನಿಶ್‌ನ ಒಂದು ಹನಿ ಗಟ್ಟಿಯಾಗಿ ಕೂತಿತ್ತು. ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಸ್ಕ್ರೂ ಬಿಗಿ ಮಾಡಿದೆ. ಬಲ್ಬ್ ಮಿನುಗಿತು. ನಲವತ್ತು ನಿಮಿಷ ಹೈವೇಯಲ್ಲಿ ಓಡಿಸಿದೆ, ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಹೆಡ್‌ಲೈಟ್ ಹಾಕಿದರೂ ಅಲುಗಲಿಲ್ಲ. ಸರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಒಂದೇ ಅನುಮಾನ: ಅರ್ಧ ಟ್ಯಾಂಕ್ ತೋರಿಸುತ್ತಿದ್ದ ಪೆಟ್ರೋಲ್ ಮುಳ್ಳು ಈಗ ಕಾಲು ಟ್ಯಾಂಕಿಗೆ ಇಳಿದಿದೆ. ಅದನ್ನೇನಾದರೂ ಕೆಡಿಸಿದೆನಾ?

ಉತ್ತರ (ಮೈಸೂರಿನಿಂದ)

ಕೆಟ್ಟಿಲ್ಲ. ಇಷ್ಟು ದಿನ ಹೆಚ್ಚು ತೋರಿಸುತ್ತಿತ್ತು, ಈಗ ಇರುವುದನ್ನು ತೋರಿಸುತ್ತಿದೆ. ಅಮ್ಮನನ್ನು ಕೂರಿಸಿಕೊಂಡು ಹೊರಡುವ ಮುಂಚೆ ಪೆಟ್ರೋಲ್ ಹಾಕಿಸಿಕೊಳ್ಳಿ.