ಸಹಾಯ ಬೇಕು: ‘ಲಾಸ್ಟ್’ ಕೊನೆ ಅರ್ಥವಾದವರು ಯಾರಾದರೂ ಇದ್ದೀರಾ?

(ಕಥೆ ಬಿಟ್ಟುಕೊಡ್ತಿದ್ದೀನಿ, ನೋಡದವರು ಮುಂದೆ ಓದಬೇಡಿ.)

ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ ಹೇಳೋ, 2004ರಿಂದ 2010ರವರೆಗೆ ಬಂದ ಅಮೆರಿಕದ ಟಿವಿ ಸರಣಿ ‘ಲಾಸ್ಟ್’ನ ಆರೂ ಸೀಸನ್ ಮುಗಿಸಿದೆ. ಕೊನೆಗೆ ಬಿದಿರುಮೆಳೆಯಲ್ಲಿ ಸಾಯ್ತಾ ಬಿದ್ದಿರೋ ನಾಯಕ ಜ್ಯಾಕ್ ಪಕ್ಕ ನಾಯಿ ವಿನ್ಸೆಂಟ್ ಬಂದು ಸುಮ್ಮನೆ ಮಲಗುತ್ತಲ್ಲ, ಅಲ್ಲಿ ಗಳಗಳ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಗಂಟು ಹಾಕಿ, ಕೊನೆಗೆ ಚರ್ಚಲ್ಲಿ ಎಲ್ಲರನ್ನೂ ತಬ್ಬಿಸಿ ಕಳಿಸಿಬಿಟ್ರಲ್ಲ!

ಫ್ರೆಂಡ್ಸ್ ಕೇಳಿದ್ರೆ ‘ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ರು ಕಣೋ’ ಅಂತಾರೆ. ಅದಂತೂ ತಪ್ಪು. ದ್ವೀಪದಲ್ಲಿ ನಡೆದಿದ್ದೆಲ್ಲ ನಿಜ, ಕೆಲವರು ಜ್ಯಾಕ್‌ಗಿಂತ ಮುಂಚೆ ಸತ್ರು, ಕೆಲವರು ಎಷ್ಟೋ ಕಾಲದ ಮೇಲೆ ಅಂತ ಜ್ಯಾಕ್‌ನ ಅಪ್ಪನೇ ಬಿಡಿಸಿ ಹೇಳ್ತಾನೆ. ಡಿವಿಡಿ ಜೊತೆ ಬಂದ ಕಿರುಕಂತನ್ನೂ ನೋಡಿದೆ. ದ್ವೀಪಕ್ಕೆ ಹಿಮಕರಡಿ ಹೇಗೆ ಬಂತು ಅಂತ ಗೊತ್ತಾಯ್ತು, ನನ್ನ ತಲೆನೋವು ಹೋಗಲಿಲ್ಲ.

ಸಿಕ್ಕಿಹಾಕಿಕೊಂಡಿರೋದು ಬಾಂಬ್ ಹತ್ರ. ಐದನೇ ಸೀಸನ್‌ನಲ್ಲಿ ಕೆಲವರು ಕಾಲದಲ್ಲಿ ಹಿಂದಕ್ಕೆ ಹೋಗಿ 1977ರಲ್ಲಿ ಸಿಕ್ಕಿಕೊಳ್ತಾರೆ; ಕೊನೆಗೆ ಅವರಲ್ಲೊಬ್ಬಳಾದ ಜೂಲಿಯೆಟ್ ಕಲ್ಲಿಂದ ಕುಟ್ಟಿ ಬಾಂಬ್ ಸಿಡಿಸ್ತಾಳೆ, ತೆರೆ ಪೂರಾ ಬೆಳ್ಳಗಾಗುತ್ತೆ. ಆರನೇದು ಶುರುವಾದಾಗ ವಿಮಾನ ಬೀಳೋದೇ ಇಲ್ಲ, ದ್ವೀಪ ಸಮುದ್ರದಡಿ ಮುಳುಗಿದೆ. ಸತ್ತ ಜೂಲಿಯೆಟ್ ‘ಕೆಲಸ ಆಯ್ತು’ ಅಂದಳು ಅಂತ, ಸತ್ತವರ ಮಾತು ತಿಳಿಯಬಲ್ಲ ಮೈಲ್ಸ್ ಬೇರೆ ಹೇಳ್ತಾನೆ. ಬಾಂಬ್‌ನಿಂದ ಚರಿತ್ರೆ ಬದಲಾಯ್ತು ಅಂತಲೇ ನಂಬಿ ಕೂತಿದ್ದೆ. ಕಡೆಗೆ ನೋಡಿದ್ರೆ ವಿಮಾನ ಬೀಳದ ಆ ಲೋಕ ಸತ್ತವರೆಲ್ಲ ಸೇರೋ ಜಾಗವಂತೆ!

ಹಾಗಾದ್ರೆ ಬಾಂಬ್ ನಿಜವಾಗಲೂ ಏನು ಮಾಡ್ತು? ಅವರನ್ನ 1977ರಿಂದ ವಾಪಸ್ ಎಸೆದಿದ್ದು ಅದೇನಾ, ಇಲ್ಲಾ ದ್ವೀಪದ ಕಾಂತಶಕ್ತಿನಾ? ಸತ್ತವರ ಲೋಕದಲ್ಲಿ ಮುಳುಗಿದ ದ್ವೀಪ ತೋರಿಸಿದ್ದು ಯಾಕೆ? ಯಾವ ಕಂತಿನಲ್ಲಿ ಉತ್ತರ ಇದೆ ಅಂತ ಹೇಳಿದ್ರೂ ಸಾಕು.